ಒಂಬತ್ತನೆಯ ಕಿರಣ

ದೊಡ್ಡ ಹಾಲ್, ಮಧ್ಯಾಹ್ನ ಎರಡೂವರೆ
ಮಾರ್ಚ್ ೧೧, ಮಂಗಳವಾರ

ಗೋಲಿ ಮೇಷ್ಟ್ರಿಗೆ, ಮತ್ತು ಇದನ್ನು ಅವನಿಗೆ ಓದಿ ಹೇಳುತ್ತಿರುವ ಅತ್ತಿಗೆಗೆ,

ಮೊದಲು ಅತ್ತಿಗೆಗೆ ಒಂದು ಮಾತು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿಮ್ಮ ಮುಖ ಹೇಗಾಗಿರುತ್ತದೆ ಎಂದು ನನಗೆ ಗೊತ್ತು. ಹರಿದು ಬುಟ್ಟಿಗೆ ಹಾಕಬೇಕು ಅನ್ನಿಸಿದ್ದರೂ ತಪ್ಪಿಲ್ಲ. ಹನ್ನೊಂದು ವರ್ಷ ಒಂದು ಸಾಲೂ ಬರೆಯದವಳು ಈಗ ಇಷ್ಟು ದಪ್ಪದ ಕಾಗದ ಕಳಿಸಿದ್ದಾಳೆ ಎಂದರೆ ಏನೋ ಬೇಕಾಗಿರಬೇಕು ಎಂದುಕೊಂಡಿರುತ್ತೀರಿ. ಹೌದು, ಬೇಕಾಗಿದೆ. ಇದನ್ನು ಪೂರ್ತಿ ಓದಿ ಹೇಳಬೇಕು, ಅಷ್ಟೇ. ಒಂದು ಸಾಲನ್ನೂ ಹಾರಿಸಬೇಡಿ. ತಮ್ಮನಿಗೆ ನೋವಾದೀತು ಎಂದು ಎಲ್ಲಿಯೂ ಮಾತನ್ನು ಮೆತ್ತಗೆ ಮಾಡಬೇಡಿ. ನಡುವೆ ನನ್ನನ್ನು ಬೈಯಬೇಕು ಅನ್ನಿಸಿದರೆ ನಿಲ್ಲಿಸಿ, ಬೈದು, ಮುಂದುವರಿಸಿ. ಇನ್ನೊಂದು. ನಿಮ್ಮೆದುರಿಗೆ ನಾನು ಅವನನ್ನು ಯಾವಾಗಲೂ ‘ಇವರು’, ‘ನೀವು’ ಎನ್ನುತ್ತಿದ್ದೆ. ನೀವು ಆ ಕಡೆ ತಿರುಗಿದರೆ ‘ನೀನು’, ‘ಏ’, ‘ಲೋ’ ಎಲ್ಲವೂ ಬರುತ್ತಿತ್ತು. ಈ ಕಾಗದದಲ್ಲಿ ‘ನೀನು’ ಎಂದೇ ಬರೆಯುತ್ತೇನೆ. ಇಷ್ಟು ವರ್ಷದ ಮೇಲೆ ಮರ್ಯಾದೆಯ ನಾಟಕ ನನ್ನಿಂದ ಆಗುವುದಿಲ್ಲ.

ಈಗ ನಿನಗೆ.

ನಿನ್ನ ಕಣ್ಣಿನ ವಿಷಯ ನಮ್ಮ ಗಾಜಿನ ಕೆಲಸದವನಿಂದ ಗೊತ್ತಾಯಿತು. ಹೋದ ತಿಂಗಳು ಅವನು ನೀನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೆ ಹೋಗಿದ್ದನಂತೆ. ಮಸೂರ ಉಜ್ಜುವ ಮೇಜಿನ ಹಿಂದೆ ಬೇರೆ ಯಾರೋ ಕೂತಿದ್ದರಂತೆ. ಕೇಳಿದರೆ ಅಂಗಡಿಯವರು, “ಅವ್ರು ಬರ್ದೆ ಆರು ತಿಂಗ್ಳಾಯ್ತು. ಸಕ್ಕರೆ ಕಾಯಿಲೆ ಕಣ್ಣಿಗೇ ಇಳಿದ್ಬಿಡ್ತು. ಎರಡೂ ಹೋಯ್ತು” ಎಂದರಂತೆ. ಅವನು ನನಗೆ ಇದನ್ನು ಹೇಳುವಾಗ ನಾನು ಪಂಪಿನ ಪಟ್ಟಿಗೆ ಟಿಕ್ ಹಾಕುತ್ತಿದ್ದೆ. ಟಿಕ್ ಹಾಕುತ್ತಲೇ ಇದ್ದೆ. ಅವನು ಹೋದ ಮೇಲೆ ನೋಡಿದರೆ ಒಂದೇ ಪಂಪಿನ ಮುಂದೆ ಏಳು ಟಿಕ್ ಇತ್ತು. ಕೂದಲೆಳೆಯ ಮೇಲಿನ ಧೂಳನ್ನೂ ಕಂಡುಹಿಡಿಯುತ್ತಿದ್ದ ಕಣ್ಣು ಅದು.

ಹಾಲ್ ಮುಚ್ಚುತ್ತಿದ್ದಾರೆ. ಅದನ್ನೂ ನೀನು ಕೇಳಿರಬಹುದು. ಹದಿನಾರು ಕೊಳವೆಗಳಲ್ಲಿ ಹನ್ನೊಂದನ್ನು ಕತ್ತರಿಸಿ ಆಗಿದೆ. ಕಿಟಕಿಯ ಬದಿಯಲ್ಲಿ ನಿನ್ನ ಕೋಣೆ ಇತ್ತಲ್ಲ, ಗಾಳಿ ಸೋಸುವ ಆ ಸಣ್ಣ ಕೋಣೆ, ಅದರಲ್ಲಿ ಈಗ ಗುತ್ತಿಗೆಯವರು ಊಟದ ಡಬ್ಬಿ ಇಡುತ್ತಾರೆ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಮೊದಲ ದಿನ ಅದನ್ನು ನೋಡಿ ಕೂಗಾಡಿಬಿಟ್ಟೆ. ಪಾಪ, ಅವರಿಗೆ ಏನೂ ಅರ್ಥವಾಗದೆ ನನ್ನ ಮುಖ ನೋಡುತ್ತಾ ನಿಂತರು.

ಈ ಶುಕ್ರವಾರ ಸಂಜೆ ಐದಕ್ಕೆ ಹಾಲ್‌ನ ಕೊನೆಯ ವರದಿಗೆ ನಾನು ಸಹಿ ಹಾಕಬೇಕು. ಅದಾದ ಮೇಲೆ ವರದಿ ಮುದ್ರೆ ಹಾಕಿಸಿಕೊಂಡು ದಾಖಲೆಯ ಕಪಾಟಿಗೆ ಹೋಗುತ್ತದೆ. ಮತ್ತೆ ಯಾರೂ ಅದನ್ನು ತಿದ್ದುವ ಹಾಗಿಲ್ಲ. ಅದರ ನೂರ ಹದಿನಾಲ್ಕನೇ ಪುಟದಲ್ಲಿ ನಿನ್ನ ಬಗ್ಗೆ ಒಂದು ಸಾಲಿದೆ: ‘ವೈಫಲ್ಯಕ್ಕೆ ಕಾರಣ ಗುಂಡಿನ ತಯಾರಿಕೆಯಲ್ಲಿನ ಅಜಾಗರೂಕತೆ.’ ಹಳೆಯ ಸಮಿತಿ ಬರೆದದ್ದು, ಹಾಗೆಯೇ ಇಳಿದು ಬಂದಿದೆ. ಆ ಸಾಲು ಸುಳ್ಳು. ಅದು ಸುಳ್ಳು ಎಂದು ನನಗೆ ಕಳೆದ ವಾರ, ಹಳೆಯ ಸಮಯದ ಪಟ್ಟಿಗಳನ್ನು ತಾಳೆ ನೋಡುವಾಗ ಗೊತ್ತಾಯಿತು. ತಪ್ಪು ನನ್ನದು. ನಿನ್ನ ಗೋಲಿಯದಲ್ಲ.

ಅತ್ತಿಗೆ, ನೀವು ಪ್ರತಿ ಸಲ ಬಂದಾಗಲೂ, “ಅಲ್ಲ, ನೀವಿಬ್ರೂ ಅಲ್ಲಿ ಮಾಡೋದಾದ್ರೂ ಏನು?” ಎಂದು ಕೇಳುತ್ತಿದ್ದಿರಿ. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಮಾತು ಮರೆಸುತ್ತಿದ್ದೆವು. ಈಗ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾಗದೆ ನನ್ನ ತಪ್ಪು ಏನೆಂದು ನಿಮಗೆ ಗೊತ್ತಾಗುವುದಿಲ್ಲ. ಸೂರ್ಯನ ಹೊಟ್ಟೆಯಲ್ಲಿ ಹೈಡ್ರೋಜನ್ ಒಂದಕ್ಕೊಂದು ಬೆಸೆದುಕೊಂಡು ಶಾಖ ಹುಟ್ಟುತ್ತದೆ. ಅದನ್ನೇ ಇಲ್ಲಿ, ನೆಲದ ಮೇಲೆ, ಒಂದು ಸಣ್ಣ ಗುಂಡಿನೊಳಗೆ ಮಾಡಿಸಬೇಕು. ಗುಂಡು ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡದು. ಒಳಗೆ ಟೊಳ್ಳು, ಟೊಳ್ಳಿನ ಗೋಡೆಗೆ ಹೈಡ್ರೋಜನ್ನಿನ ಮಂಜುಗಡ್ಡೆ ತೆಳ್ಳಗೆ ಹತ್ತಿರುತ್ತದೆ. ಈ ಗುಂಡನ್ನು ಎಲ್ಲ ಕಡೆಯಿಂದ, ಒಂದೇ ಸಮ, ಒಂದೇ ಕ್ಷಣದಲ್ಲಿ ಒತ್ತಿದರೆ ಒಳಗಿನದು ಬೆಸೆಯುತ್ತದೆ. ಒಂದು ಕಡೆ ಚೂರು ಮೊದಲು, ಒಂದು ಕಡೆ ಚೂರು ಆಮೇಲೆ ಆದರೆ ಹಿಟ್ಟಿನ ಉಂಡೆಯನ್ನು ಒಂದೇ ಬೆರಳಿನಿಂದ ಒತ್ತಿದ ಹಾಗೆ, ಸೊಟ್ಟಗಾಗಿ ಎಲ್ಲ ಹಾಳು. ಗುಂಡು ಮಾಡುವುದು ನಿಮ್ಮ ತಮ್ಮನ ಕೆಲಸ, ಅವನ ಬಾಯಲ್ಲಿ ಅದು ಗೋಲಿ. ಒತ್ತುವುದು ನಮ್ಮ ಕೆಲಸ. ಬೇರೆ ಕಡೆಯವರು ಲೇಸರ್ ಬೆಳಕಿನಿಂದ ಒತ್ತುತ್ತಾರೆ. ನಾವು ಅಯಾನುಗಳಿಂದ ಒತ್ತುತ್ತಿದ್ದೆವು, ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಭಾರದ ಪರಮಾಣುಗಳಿಂದ. ಅಯಾನಿನ ಯಂತ್ರಕ್ಕೆ ದಣಿವು ಕಡಿಮೆ. ನಾಳೆ ವಿದ್ಯುತ್ ಮಾಡುವ ದಿನ ಬಂದರೆ ಸೆಕೆಂಡಿಗೆ ನಾಲ್ಕೈದು ಸಲ, ವರ್ಷಗಟ್ಟಲೆ ಹೊಡೆಯಬೇಕಲ್ಲ, ಅದಕ್ಕೆ ಅಯಾನೇ ಸರಿ ಎಂದು ನಮ್ಮ ನಂಬಿಕೆ. ಈಗಲೂ ನನಗೆ ಅದೇ ನಂಬಿಕೆ.

ಹದಿನಾರು ಕೊಳವೆ, ಹದಿನಾರು ಕಿರಣ. ಒಂದೊಂದು ಕಿರಣವೂ ಹೊರಡುವಾಗ ಉದ್ದಕ್ಕೆ ಮೆರವಣಿಗೆಯ ಹಾಗಿರುತ್ತದೆ. ಗುಂಡನ್ನು ಮುಟ್ಟುವಾಗ ಗೇಣುದ್ದ ಆಗಿರಬೇಕು. ಅದಕ್ಕೊಂದು ಉಪಾಯ. ದಾರಿಯಲ್ಲಿ ಮುಂದಿನವರನ್ನು ಸ್ವಲ್ಪ ತಡೆದು, ಹಿಂದಿನವರನ್ನು ಜೋರಾಗಿ ತಳ್ಳುವುದು. ಹಾಗೆ ಮಾಡಿದರೆ ಕೊನೆಗೆ ಹೊರಟವರೂ ಮೊದಲು ಹೊರಟವರೂ ಸರಿಯಾಗಿ ಗುಂಡಿನ ಹತ್ತಿರ ಕೂಡಿಕೊಳ್ಳುತ್ತಾರೆ. ಯಾರನ್ನು ಯಾವಾಗ ತಳ್ಳಬೇಕು ಎಂದು ಹೇಳುವವಳು ನಾನು. ಅದಕ್ಕೇ ನನ್ನ ಹೆಸರು ಗಡಿಯಾರದಮ್ಮ. ನಿನಗೆ ನೆನಪಿದೆಯಾ, ನಮ್ಮ ಮದುವೆಗೆ ನಾನೇ ಮುಕ್ಕಾಲು ಗಂಟೆ ತಡವಾಗಿ ಬಂದಾಗ ನೀನು ಎಲ್ಲರೆದುರಿಗೆ, “ಇವ್ಳನ್ನ ಹಿಂದಿನಿಂದ ಯಾರೂ ತಳ್ಳಲಿಲ್ವಾ?” ಎಂದದ್ದು? ದೊಡ್ಡವರು, ಅಂದರೆ ನಮ್ಮ ನಿರ್ದೇಶಕರು, ಕೂತ ಕುರ್ಚಿಯಿಂದ ಬೀಳುವಷ್ಟು ನಕ್ಕಿದ್ದರು.

ಅಯಾನುಗಳ ಇನ್ನೊಂದು ಗುಣ, ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ. ಹತ್ತಿರ ತಂದಷ್ಟೂ ದೂರ ದಬ್ಬುತ್ತವೆ. ಕೊನೆಯ ಎರಡು ಮೀಟರಿನಲ್ಲಿ ಅವುಗಳ ನಡುವೆ ಎಲೆಕ್ಟ್ರಾನಿನ ಮೋಡ ತುಂಬಿಸಬೇಕು. ಆಗ ಜಗಳ ಮರೆತು ಒಟ್ಟಿಗೆ ಬರುತ್ತವೆ. “ನಮ್ಮನೇಲಿ ಆ ಮೋಡ ನಮ್ಮಕ್ಕ. ಅವ್ಳು ಬಂದ ದಿನ ನಾವಿಬ್ರೂ ಜಗಳ ಆಡಲ್ಲ” ಎನ್ನುತ್ತಿದ್ದೆ ನೀನು. ಅತ್ತಿಗೆ, ಇದನ್ನು ಅವನು ನಿಮಗೆ ಯಾವತ್ತೂ ಹೇಳಿರಲಿಕ್ಕಿಲ್ಲ. ಹೇಳಿದರೆ ನೀವು ಇನ್ನೂ ನಾಲ್ಕು ದಿನ ಉಳಿಯುತ್ತೀರಿ ಎಂಬ ಭಯ ಅವನಿಗೆ.

ನಿನ್ನ ಕೆಲಸದ ರೀತಿ ಹಾಲ್‌ನಲ್ಲಿ ಬೇರೆ ಯಾರಿಗೂ ಬರಲಿಲ್ಲ. ಉಳಿದವರೆಲ್ಲ ಎತ್ತರದಿಂದ ಹನಿ ಬೀಳಿಸಿ ಗುಂಡು ಮಾಡಿ, ಸಾವಿರದಲ್ಲಿ ಹತ್ತನ್ನು ಆರಿಸುತ್ತಿದ್ದರು. ನೀನು ಆ ಹತ್ತನ್ನೂ ಎರಡು ಮೆತ್ತೆಗಳ ನಡುವೆ ಕೈಯಲ್ಲಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಮೂರು ಸಲ ಹೊರಳಿಸಿ, ಒಂದೊಂದರದ್ದೂ ಚಿತ್ರ ಬರೆದು, ಕೊನೆಗೆ ಒಂದನ್ನು ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಅದನ್ನು ರೇಷ್ಮೆ ಎಳೆಯಲ್ಲಿ ತೂಗುಹಾಕಲು ಆ ನಿನ್ನ ಗಂಟು. ಎರಡು ಸುತ್ತು, ಒಂದು ಹಿಮ್ಮುಖ, ಮತ್ತೆ ಎರಡು ಸುತ್ತು. “ಕಣ್ ಮುಚ್ಕೊಂಡು ಕಟ್ತೀನಿ, ನೋಡ್ತೀಯಾ?” ಎಂದು ಕೊಚ್ಚಿಕೊಳ್ಳುತ್ತಿದ್ದೆ, ಕಟ್ಟಿಯೂ ತೋರಿಸುತ್ತಿದ್ದೆ. ಮಿಕ್ಕ ನೀಲಿ ರೇಷ್ಮೆ ದಾರದಿಂದ ಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಗಂಟು. ಬೀಗದ ಕೈಗೊಂಚಲು, ಛತ್ರಿ, ನನ್ನ ಚೀಲದ ಹಿಡಿ. ಚೀಲದ ಬಣ್ಣ ಹೋಗಿದೆ, ಗಂಟು ಹಾಗೆಯೇ ಇದೆ.

ಈಗ ಆ ದಿನಕ್ಕೆ ಬರುತ್ತೇನೆ.

ದೊಡ್ಡ ಶಾಟ್ ಎಂದು ನಾವು ಎರಡು ವರ್ಷ ಕಾದ ದಿನ. ಹದಿನಾರು ಕಿರಣವನ್ನೂ ಒಟ್ಟಿಗೆ, ಪೂರ್ತಿ ಶಕ್ತಿಯಲ್ಲಿ ಬಿಡುವುದು. ಬೆಳಿಗ್ಗೆ ಒಂಬತ್ತೂವರೆಗೆ ಒಂಬತ್ತನೆಯ ಕಿರಣಕ್ಕೆ ‘ಹೊರಡು’ ಎಂಬ ಸಂಕೇತ ಒಯ್ಯುವ ಕೇಬಲ್ ಕೈಕೊಟ್ಟಿತು. ತುದಿಯ ಜೋಡಣೆ ಸಡಿಲವಾಗಿತ್ತು. ನಾನೇ ನೆಲದ ಹಲಗೆ ಎತ್ತಿ, ಕಾಲುವೆಯೊಳಗೆ ಇಳಿದು, ಬೇರೆ ಕೇಬಲ್ ಹಾಕಿದೆ. ಹೊಸದು ಒಂದೂವರೆ ಮೀಟರ್ ಉದ್ದ ಹೆಚ್ಚಿತ್ತು. ಅದೇನು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಉದ್ದ ಎಂದರೆ ಹೊತ್ತು. ಒಂದು ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಐದು ನ್ಯಾನೋಸೆಕೆಂಡ್ ಬೇಕು, ಒಂದೂವರೆಗೆ ಏಳೂವರೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಏಳೂವರೆ ಪಾಲು. ಅಷ್ಟು ತಡವಾಗುವುದರಿಂದ ಅಷ್ಟು ಮೊದಲೇ ಹೊರಡು ಎಂದು ಸಮಯದ ಪಟ್ಟಿಯಲ್ಲಿ ಹೇಳಬೇಕು. ಏಳೂವರೆ ಕಳೆಯಬೇಕು. ನಾನು ಕೂಡಿದೆ.

ಇಷ್ಟೇ. ಮೊದಲ ತರಗತಿಯ ಮಗುವಿಗೆ ಹೇಳಿಕೊಡುವ ಲೆಕ್ಕ. ಪಟ್ಟಿ ಅಚ್ಚಾಗಿ ಬಂತು, ನಿಯಮದಂತೆ ಗೋಡೆಗೆ ಅಂಟಿಸಿದೆ, ಕೆಳಗೆ ಸಹಿ ಮಾಡಿದೆ. ಲಾಗ್‌ಬುಕ್ಕಿನಲ್ಲಿ ‘ಕೇಬಲ್ ಬದಲಾಯಿಸಿ ಸರಿಹೊಂದಿಸಿದೆ’ ಎಂದು ಬರೆದೆ. ಒಂಬತ್ತನೆಯ ಕಿರಣ ಹದಿನೈದು ನ್ಯಾನೋಸೆಕೆಂಡ್ ತಡವಾಗಿ ಹೋಯಿತು. ಉಳಿದ ಹದಿನೈದು ಕಿರಣ ಗುಂಡನ್ನು ಹಿಂಡಿ ಮುಗಿಸುವ ಹೊತ್ತಿಗೆ ಅದು ಬಂತು. ಹನ್ನೆರಡು ಗಂಟೆಗೆ ಚಿತ್ರ ಪರದೆಯ ಮೇಲೆ ಬಂತು. ಗುಂಡು ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ನೀನು ಪರದೆಯ ಹತ್ತಿರಕ್ಕೆ ಹೋಗಿ, ಕನ್ನಡಕ ತೆಗೆದು, ಬಹಳ ಹೊತ್ತು ನೋಡಿದೆ. ನಾನು ನಿನ್ನ ಬೆನ್ನ ಮೇಲೆ ಕೈಯಿಟ್ಟೆ. ಪಾಪ, ಗೋಲಿ ಸರಿಯಿರಲಿಲ್ಲವಲ್ಲ ಎಂದು ಸಮಾಧಾನ ಮಾಡಲು ಇಟ್ಟೆ. ಆ ಕೈಯ ನೆನಪಾದರೆ ಈಗಲೂ ಅದನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯುವುದಿಲ್ಲ.

ಹತ್ತನೇ ದಿನ ಗ್ರಂಥಾಲಯದ ಕೋಣೆಯಲ್ಲಿ ಸಮಿತಿ ಕೂತಿತು. ಮೂವರು ಅವರು, ಈಚೆ ನಾವಿಬ್ಬರು ಅಕ್ಕಪಕ್ಕದ ಕುರ್ಚಿಯಲ್ಲಿ. ಮೊದಲು ನನ್ನನ್ನು ಕೇಳಿದರು, “ಕಿರಣ ಎಲ್ಲಾ ಒಟ್ಟಿಗೆ ಬಂದ್ವಾ?” ನಾನು ಹೇಳಿದೆ, “ದಾಖಲೆ ಪ್ರಕಾರ ಒಟ್ಟಿಗೇ ಬಂದಿವೆ.” ದಾಖಲೆ ಹಾಗೆಯೇ ಹೇಳುತ್ತಿತ್ತು. ಯಾಕೆಂದರೆ ಬಂದ ಹೊತ್ತನ್ನು ಅಳೆಯುವ ಉಪಕರಣವೂ ಅದೇ ಪಟ್ಟಿಯನ್ನು ನಂಬಿ ಅಳೆದಿತ್ತು. ಆಮೇಲೆ ನಿನ್ನ ಕಡೆ ತಿರುಗಿದರು. ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಎಷ್ಟು ಹೊತ್ತು ಎಂದು ಗಡಿಯಾರದಮ್ಮನಿಗೂ ಹೇಳಲಾಗುವುದಿಲ್ಲ. ಆಮೇಲೆ ನಿನ್ನ ಕೈ ನೋಡಿಕೊಳ್ಳುತ್ತಾ, “ಹಾಗಾದ್ರೆ ನನ್ನ ಗೋಲೀಲೇ ಏನೋ ಇರ್ಬೇಕು” ಎಂದೆ. ಅಷ್ಟು ಸಾಕಾಯಿತು ಅವರಿಗೆ.

ಇಲ್ಲಿ ನಿಲ್ಲಿಸಿ ಎದ್ದು ಹೋಗಿದ್ದೆ. ಹಾಲ್‌ನ ಸುತ್ತ ಒಂದು ಸುತ್ತು ನಡೆದು ಬಂದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಳೆದ ವಾರ ಗೊತ್ತಾಯಿತು ಎಂದೆನಲ್ಲ, ಅದು. ನಮ್ಮ ಲಾಗ್‌ಬುಕ್ಕಿನ ನಿಯಮ ನಿನಗೆ ಗೊತ್ತು. ತಪ್ಪು ಬರೆದರೆ ಅಳಿಸಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ, ತಪ್ಪು ಏನಿತ್ತೆಂದು ಓದಲು ಬರುವ ಹಾಗೆ, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಹಿ. ಹೊಸಬರು ಬಂದರೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದದ್ದೇ ಅದನ್ನು. ಆದ್ದರಿಂದ ಆ ಸಾಲಿನ ಮೇಲೆ ಈಗ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಅತ್ತಿಗೆ, ನೀವು ಆ ಗೆರೆಯನ್ನು ನೋಡಿ, ಏನಿದು ಎಂದುಕೊಂಡು ಓದಿರುತ್ತೀರಿ. ಸರಿಯಾದದ್ದು ಇದು: ನನಗೆ ಗೊತ್ತಾದದ್ದು ಶಾಟ್ ಆದ ಮೂರನೇ ದಿನ. ಸಮಿತಿ ಕೂರುವುದಕ್ಕೆ ಒಂದು ವಾರ ಮೊದಲು.

ಯಾಕೋ ಮನಸ್ಸು ತಡೆಯದೆ ಗೋಡೆಯ ಮುಂದೆ ನಿಂತು ಪಟ್ಟಿ ಓದುತ್ತಿದ್ದೆ. ಒಂಬತ್ತನೆಯ ಸಾಲಿಗೆ ಬಂದೆ, ಕೂಡುವ ಚಿಹ್ನೆ ಕಂಡಿತು. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಆ ಚಿಹ್ನೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಹಾಲ್‌ನಲ್ಲಿ ಆಗ ಯಾರೂ ಇರಲಿಲ್ಲ, ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಗೆರೆ ಎಳೆಯಲಿಲ್ಲ. ಆ ಹಾಳೆಯನ್ನು ಬಿಚ್ಚಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡೆ. ಕಂಪ್ಯೂಟರಿನಲ್ಲಿ ಚಿಹ್ನೆ ಬದಲಿಸಿ, ಹೊಸ ಹಾಳೆ ಅಚ್ಚು ಹಾಕಿ, ಹಳೆಯ ತಾರೀಖನ್ನೇ ಹಾಕಿ ಅಂಟಿಸಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಗೆರೆ ಎಳೆಯದೆ ತಿದ್ದಿದ್ದು ಅದೊಂದೇ.

ಯಾಕೆ ಮಾಡಿದೆ ಎಂದು ಕೇಳಿದರೆ ಆಗ ನನ್ನ ಹತ್ತಿರ ಬಹಳ ಕಾರಣಗಳಿದ್ದವು. ಗುಂಡು ಕೆಟ್ಟರೆ ಇನ್ನೊಂದು ಗುಂಡು ಮಾಡಬಹುದು, ಸಮಯವೇ ಕೆಟ್ಟಿತು ಎಂದರೆ ಅಯಾನಿನ ದಾರಿಯೇ ಸರಿಯಿಲ್ಲ ಎಂದು ಯಂತ್ರವನ್ನೇ ನಿಲ್ಲಿಸುತ್ತಾರೆ, ಇಷ್ಟು ಜನರ ಕೆಲಸ ಹೋಗುತ್ತದೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಇಷ್ಟು: ದೊಡ್ಡವರು ಆ ವರ್ಷ ನಿವೃತ್ತರಾಗುತ್ತಿದ್ದರು, ಹಾಲ್ ನನ್ನ ಕೈಗೆ ಬರುವುದಿತ್ತು. ಆಸೆ. ಅದಕ್ಕೆ ಬೇರೆ ಹೆಸರಿಲ್ಲ.

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ನೀನು ಸಮಿತಿಯ ಮುಂದೆ ಅಷ್ಟು ಸುಲಭಕ್ಕೆ ಒಪ್ಪಿಕೊಂಡೆಯಲ್ಲ, ಅದಕ್ಕೆ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಒಂದು ಸಲ ಮೇಜು ಕುಟ್ಟಿ, ‘ನನ್ನ ಗೋಲಿ ಸರಿಯಿತ್ತು, ಬೇರೆ ಕಡೆ ಹುಡುಕಿ’ ಎಂದಿದ್ದರೆ ಹುಡುಕುತ್ತಿದ್ದರು, ಸಿಗುತ್ತಿತ್ತು, ನಾನು ಬಾಯಿ ಬಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಜಗಳ ಆಡಲು ಬಾರದ ಮನುಷ್ಯ ಎಂದು ಒಳಗೊಳಗೇ ನಿನ್ನನ್ನು ಬೈದುಕೊಂಡೆ. ಕದ್ದವಳು ನಾನು, ಬಾಗಿಲು ಯಾಕೆ ಹಾಕಿಕೊಳ್ಳಲಿಲ್ಲ ಎಂದು ನಿನ್ನ ಮೇಲೆ ರೇಗಿದೆ.

ಆ ಎಂಟು ತಿಂಗಳು ನೆನಪಿದೆಯಾ? ನಿನ್ನನ್ನು ಗುಂಡಿನ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ನೀನು ಹೋಗುತ್ತಿದ್ದೆ, ಬರುತ್ತಿದ್ದೆ. ಸಂಜೆ ಊಟವಾದ ಮೇಲೆ ತಟ್ಟೆ ತೊಳೆದು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, “ಇವತ್ತು ಏನಾದ್ರೂ ಹೇಳೋದಿದ್ಯಾ?” ಶಾಟ್ ಆದ ಮರುದಿನ ಸಂಜೆಯಿಂದಲೇ ಶುರುವಾಗಿತ್ತು ಅದು. ಆ ಮೊದಲ ಸಂಜೆ ನನಗೆ ಹೇಳಲು ಏನೂ ಇರಲಿಲ್ಲ, ನಿಜವಾಗಿಯೂ ಇರಲಿಲ್ಲ. ಮೂರನೇ ದಿನದಿಂದ ಇತ್ತು. ನೀನು ದಿನಾ ಕೇಳಿದೆ. ಆಫೀಸಿನ ಸುದ್ದಿ ಕೇಳುತ್ತಿದ್ದೀಯೆಂದುಕೊಂಡು ನಾನು, “ಏನಿಲ್ಲ. ತಲೆನೋವು” ಎನ್ನುತ್ತಿದ್ದೆ. ಒಂದೊಂದು ದಿನ, “ಅದೇನು ದಿನಾ ಅದೇ ಕೇಳ್ತೀಯಾ? ಬೇರೆ ಮಾತಿಲ್ವಾ ನಿಂಗೆ?” ಎಂದು ಸಿಡುಕಿದೆ. ನೀನು “ಸರಿ, ಮಲ್ಕೋ” ಎಂದು ಟವೆಲನ್ನು ಮೊಳೆಗೆ ತೂಗುಹಾಕಿ ಹೋಗುತ್ತಿದ್ದೆ.

ಆಮೇಲೆ ಆ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತು, “ಅಕ್ಕನ ಮನೆಗೆ ಹೋಗಿ ಬರ್ತೀನಿ” ಎಂದೆ. ಹಿಂದಿನ ಸಂಜೆ ಮಾತ್ರ ನೀನು ಆ ಪ್ರಶ್ನೆ ಕೇಳಿರಲಿಲ್ಲ. ನಾನು ಲೆಕ್ಕದ ಹಾಳೆಯಿಂದ ತಲೆ ಎತ್ತದೆ “ಹೂಂ” ಎಂದೆ. ಯಾವಾಗ ಬರುತ್ತೀಯೆಂದು ಕೇಳಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅವಮಾನ ತಡೆಯಲಾರದೆ ಹೋದ ಎಂದು ಎಲ್ಲರಿಗೂ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

ಹಾಲ್ ನನ್ನ ಕೈಗೆ ಬಂತು. ಆಮೇಲೆ ಒಂಬತ್ತು ದೊಡ್ಡ ಶಾಟ್ ಮಾಡಿದೆವು. ಸಮಯ ಸರಿಯಿತ್ತು, ಕಿರಣಗಳು ಸರಿಯಿದ್ದವು. ಗುಂಡುಗಳು ಮಾತ್ರ ಹೊರಗಿನಿಂದ ಕೊಂಡು ತಂದಂಥವು. ಒಂದೂ ಸಮನಾಗಿ ಒತ್ತಿಕೊಳ್ಳಲಿಲ್ಲ. ವರ್ಷ ವರ್ಷ ನಮಗೆ ಕೊಡುವ ದಿನಗಳು ಕಡಿಮೆಯಾಗುತ್ತಾ ಬಂದು ಈಗ ಇಲ್ಲಿಗೆ ನಿಂತಿದೆ. ಮೊನ್ನೆ ಹಳೆಯ ಚಿತ್ರವನ್ನು ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದೆ. ಒಂಬತ್ತನೆಯ ಕಿರಣದ ತಡವನ್ನು ತೆಗೆದು ನೋಡಿದರೆ ಆ ಗೋಲಿ ಎಲ್ಲ ಕಡೆಯಿಂದಲೂ ಸಮನಾಗಿ ಕುಗ್ಗುತ್ತಿತ್ತು. ಆ ದಿನ ನಮ್ಮ ಹಾಲ್‌ನಲ್ಲಿ ಸರಿಯಾಗಿದ್ದದ್ದು ನಿನ್ನ ಗೋಲಿ ಒಂದೇ. ಅದನ್ನು ನೋಡಿ ಗಟ್ಟಿಯಾಗಿ ಅತ್ತೆ. ಬೆಸುಗೆ ಕತ್ತರಿಸುವವನು ಯಂತ್ರ ನಿಲ್ಲಿಸಿ, “ಏನಾಯ್ತಮ್ಮಾ, ಕಣ್ಣಿಗೆ ಕಿಡಿ ಬಿತ್ತಾ?” ಎಂದು ಓಡಿ ಬಂದ.

ವರದಿಗೆ ತಿದ್ದುಪಡಿ ಬರೆದಿದ್ದೇನೆ. ನೂರ ಹದಿನಾಲ್ಕನೇ ಪುಟದ ಆ ಸಾಲಿನ ಮೇಲೆ ಒಂದು ಗೆರೆ. ಪಕ್ಕದಲ್ಲಿ, ‘ವೈಫಲ್ಯಕ್ಕೆ ಕಾರಣ ಒಂಬತ್ತನೆಯ ಕಿರಣದ ಸಮಯದಲ್ಲಿ ನಾನು ಮಾಡಿದ ತಪ್ಪು. ಗುಂಡು ದೋಷರಹಿತವಾಗಿತ್ತು. ಇದು ಮೂರನೇ ದಿನವೇ ನನಗೆ ತಿಳಿದಿತ್ತು, ನಾನು ಮುಚ್ಚಿಟ್ಟೆ.’ ಅದರ ಜೊತೆ ಆ ಹಳೆಯ ಹಾಳೆಯನ್ನೂ ಸೇರಿಸಿದ್ದೇನೆ. ಹನ್ನೊಂದು ವರ್ಷ ಬೀರುವಿನಲ್ಲಿ ಸೀರೆಯ ಮಡಿಕೆಯಲ್ಲಿತ್ತು, ಮಡಿಸಿದ ಕಡೆ ಸವೆದುಹೋಗಿದೆ. ದೂರದಲ್ಲಿ ಹೊಸ ಅಯಾನು ಯಂತ್ರ ಕಟ್ಟುತ್ತಿರುವವರು ನನ್ನನ್ನು ಸಲಹೆಗೆ ಕರೆದಿದ್ದರು. ಇನ್ನು ಕರೆಯುವುದಿಲ್ಲ, ಕರೆಯಲೂಬಾರದು. ಆದರೆ ಕೈಯಲ್ಲಿ ಉಜ್ಜಿದ ಗುಂಡು ಬೇಡವೇ ಬೇಡ ಎಂದು ಅವರು ತೀರ್ಮಾನಿಸಿದ್ದು ಆ ಒಂದು ಸಾಲನ್ನು ಓದಿ. ಇನ್ನು ಅವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದರೆ ಓಡಿಸಬೇಡ. ನಿನ್ನ ಹನ್ನೆರಡು ನೋಟ್‌ಪುಸ್ತಕಗಳು ನನ್ನ ಹತ್ತಿರ ಇವೆ, ಬೇರೆ ಪಾರ್ಸಲಿನಲ್ಲಿ ಕಳಿಸುತ್ತೇನೆ. ಅತ್ತಿಗೆ ಓದಲಿ, ನೀನು ಬಾಯಲ್ಲಿ ಹೇಳು, ಯಾರಾದರೂ ಬರೆದುಕೊಳ್ಳಲಿ.

ಶುಕ್ರವಾರ ಸಹಿ ಹಾಕಿದ ಮೇಲೆಯೇ ಇದನ್ನು ಪೋಸ್ಟ್ ಮಾಡುತ್ತೇನೆ. ಆದ್ದರಿಂದ ಈಗ ನಿನ್ನ ಕಿವಿಗೆ ಇದು ಬೀಳುತ್ತಿದೆ ಎಂದರೆ ಆ ಕೆಲಸ ಆಗಿದೆ ಎಂದು ತಿಳಿದುಕೋ. ವಾಪಸ್ ಬಾ ಎಂದು ಕೇಳುತ್ತಿಲ್ಲ. ಕ್ಷಮಿಸು ಎಂದೂ ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ಬಹಳ ನೆನಪಾಗುತ್ತೀಯ, ಅಷ್ಟೇ. ಆ ಟವೆಲಿನ ಮೊಳೆಗೆ ನಾನು ಬೇರೆ ಏನನ್ನೂ ತೂಗುಹಾಕಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ. ಅತ್ತಿಗೆ ಹೇಳಿದ್ದಕ್ಕೆ ಹಠ ಮಾಡಬೇಡ.

ಎಲ್ಲರೂ ಬಂದು ಹೋದ ಮೇಲೆ ತಲುಪಿದವಳು,
ನಿನ್ನ ಗಡಿಯಾರದಮ್ಮ

ಮತ್ತೆ ಬರೆದದ್ದು, ಮಾರ್ಚ್ ೧೫, ಶನಿವಾರ ಬೆಳಿಗ್ಗೆ:

ನಿನ್ನೆ ಐದಕ್ಕೆ ಸಹಿ ಹಾಕಿದೆ. ಇವತ್ತು ನೆಲದ ಕಾಲುವೆಯ ಕೇಬಲ್‌ಗಳನ್ನು ಎಳೆದು ಹಾಕುವ ದಿನ. ಒಂಬತ್ತನೆಯದನ್ನು ನಾನೇ ತೆಗೆಯುತ್ತೇನೆ ಎಂದು ಹೇಳಿ ಇಳಿದೆ. ಆ ದಿನ ನಾನು ಹಾಕಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ ಎಂದುಕೊಂಡಿದ್ದೆ. ತುದಿಯಿಂದ ಸರಿಯಾಗಿ ಒಂದೂವರೆ ಮೀಟರಿಗೆ ನೀಲಿ ರೇಷ್ಮೆ ದಾರದ ಗಂಟಿತ್ತು. ಎರಡು ಸುತ್ತು, ಒಂದು ಹಿಮ್ಮುಖ, ಮತ್ತೆ ಎರಡು ಸುತ್ತು. ಗಂಟಿನಲ್ಲೊಂದು ಚೀಟಿ. ಅದರ ಮೇಲೆ ಶಾಟ್ ಆದ ಮರುದಿನದ ತಾರೀಖು, ನಿನ್ನ ಅಕ್ಷರ: ‘ಇಷ್ಟು ಹೆಚ್ಚು. ಪಟ್ಟಿಯಲ್ಲಿ ಕಳೆಯುವ ಬದಲು ಕೂಡಿದ್ದಾಳೆ. ಅವಳಿಗಿನ್ನೂ ಗೊತ್ತಿಲ್ಲ. ಅವಳೇ ಹೇಳಲಿ.’

ನನಗಿಂತ ಮೊದಲೇ ನಿನ್ನ ಕಣ್ಣಿಗೆ ಬಿದ್ದಿತ್ತು. ಗೋಡೆಯ ಮೇಲಿನ ಹಾಳೆ ಬದಲಾದದ್ದನ್ನೂ ನೀನು ನೋಡಿರುತ್ತೀಯ. ಆಮೇಲೂ ಎಂಟು ತಿಂಗಳು ಕೇಳಿದೆ.

ಅತ್ತಿಗೆ, ಚೀಟಿಯನ್ನು ದಾರದ ಸಮೇತ ಇದರೊಳಗೆ ಇಟ್ಟಿದ್ದೇನೆ. ಗಂಟು ಬಿಚ್ಚಿಲ್ಲ, ಕೇಬಲ್ಲನ್ನೇ ಕತ್ತರಿಸಿ ಗಂಟಿನಿಂದ ಹೊರಗೆಳೆದೆ. ಅದನ್ನು ಅವನ ಕೈಗೆ ಕೊಡಿ. ಮುಟ್ಟಿದರೆ ಅವನಿಗೆ ಗೊತ್ತಾಗುತ್ತದೆ. ಏನಾದ್ರೂ ಹೇಳೋದಿತ್ತಾ ಅವಳಿಗೆ ಎಂದು ಅವನು ಕೇಳಿದರೆ, ಇತ್ತಂತೆ ಎಂದು ಹೇಳಿ.